ಗ್ರೀನ್‌ಲ್ಯಾಂಡಿನ ಕೆಂಪು ಮನೆಯಲ್ಲಿ ನನ್ನ ಸಜ್ಜನಿಕೆ

ಅರವತ್ತು ದಾಟಿದ ಗಂಡಸು ಯಾವ ಊರಿಗೆ ಹೋದರೂ ಮೊದಲು ನೋಡಬೇಕಾದ ಸ್ಥಳ ಒಂದೇ. ಪ್ರವಾಸದ ಪುಸ್ತಕಗಳು ಅದರ ಬಗ್ಗೆ ಏನೂ ಹೇಳುವುದಿಲ್ಲ. ನ್ಯೂಜೆರ್ಸಿಯ ಮಟ್ಟಿಗೆ ನನಗೆ ಈ ವಿಷಯದಲ್ಲಿ ಸಾಕಷ್ಟು ಪಾಂಡಿತ್ಯವಿದೆ. ಸಮರ್‌ಸೆಟ್‌ನ ನಮ್ಮ ಮನೆಯಿಂದ ಜೆರ್ಸಿ ಸಿಟಿಯ ಮಗಳ ಮನೆಯವರೆಗೆ ಹೆದ್ದಾರಿಯ ಯಾವ ಎಕ್ಸಿಟ್ ತೆಗೆದುಕೊಂಡರೆ ಯಾವ ಅಂಗಡಿಯವರು ಏನೂ ಕೊಳ್ಳದವನನ್ನೂ ಒಳಗೆ ಬಿಡುತ್ತಾರೆ ಎಂಬುದನ್ನು ನಿದ್ದೆಯಲ್ಲೂ ಹೇಳಬಲ್ಲೆ. ಇದಕ್ಕೆಲ್ಲ ಕಾರಣ ಡಾಕ್ಟರು ಬಿ.ಪಿ.ಗೆಂದು ಕೊಟ್ಟ ಮಾತ್ರೆ. ಅದು ರಕ್ತದ ಒತ್ತಡವನ್ನು ಇಳಿಸಿ ಬೇರೆ ಕಡೆ ಏರಿಸುತ್ತದೆ.

ಇಂಥ ನನ್ನನ್ನು ಹೆಂಡತಿ ಪದ್ಮಾ ಗ್ರೀನ್‌ಲ್ಯಾಂಡಿಗೆ ಹೊರಡಿಸಿದಳು. ವುಡ್‌ಬ್ರಿಡ್ಜ್‌ನ ಅವಳ ಗೆಳತಿಯರೆಲ್ಲ ಅಲಾಸ್ಕಾ ಮುಗಿಸಿ ಬಂದಿದ್ದರು. ಅದಕ್ಕಿಂತ ಮೇಲೆ ಉಳಿದಿದ್ದದ್ದು ಇದೇ. ಒಂದು ಬೆಳಿಗ್ಗೆ ನಮ್ಮ ಪುಟ್ಟ ಹಡಗು, ಬೇರೆ ಊರಿಗೆ ರಸ್ತೆಯೇ ಇಲ್ಲದ, ಬಣ್ಣಬಣ್ಣದ ಮರದ ಮನೆಗಳ ಹಳ್ಳಿಯೊಂದರ ಎದುರು ನಿಂತಿತು. ರಬ್ಬರ್ ದೋಣಿಗಳಿಗೆ ಹತ್ತಿಸುವ ಮೊದಲು ಗೈಡ್ ನಿಯಮಗಳನ್ನು ಹೇಳಿದಳು. ಕಿಟಕಿಯೊಳಗೆ ಇಣುಕಬಾರದು, ಕೇಳದೆ ಫೋಟೊ ತೆಗೆಯಬಾರದು, ದಡದಲ್ಲಿ ಟಾಯ್ಲೆಟ್ ಇಲ್ಲ, ಹಡಗಿನಲ್ಲೇ ಮುಗಿಸಿಕೊಂಡು ಬರಬೇಕು. ನಾನು ಮುಗಿಸಿಕೊಂಡೇ ಹೊರಟೆ. ಆದರೆ ಮಾತ್ರೆಗೆ ಇಂಗ್ಲಿಷ್ ಬರುವುದಿಲ್ಲ.

ಚರ್ಚಿನ ಮುಂದೆ ಗೈಡ್ ತಿಮಿಂಗಿಲ ಬೇಟೆಯ ಚರಿತ್ರೆ ವಿವರಿಸುತ್ತಿದ್ದಾಗ ಸಮಯ ಬಂತು. ಪದ್ಮಾಳಿಗೆ ಪಿಸುಗುಟ್ಟಿದೆ. “ಸ್ವಲ್ಪ ತಡ್ಕೊಳ್ರೀ, ಹಿಸ್ಟರಿ ಮುಗೀಲಿ” ಅಂದಳು. ಚರಿತ್ರೆ ಇನ್ನೂ ಹಾಯಿಹಡಗಿನ ಕಾಲದಲ್ಲಿತ್ತು. ಸುತ್ತ ಒಂದು ಮರವಿಲ್ಲ, ಪೊದೆಯಿಲ್ಲ. ಇದ್ದ ಬಂಡೆಗಳ ಹಿಂದೆಲ್ಲ ಕಟ್ಟಿಹಾಕಿದ ನಾಯಿಗಳು. ಹತ್ತಿರದ ಕೆಂಪು ಮನೆಯ ಬಾಗಿಲು ತಟ್ಟಿದೆ. ತೆರೆದ ಅಜ್ಜಿಗೆ ಕೈಮುಗಿದೆ. ಅವರು ನಕ್ಕು ಒಳಗೆ ಕರೆದರು. ಬೂಟು ಬಿಚ್ಚಿ, ಮೂಲೆಯ ಚಿಕ್ಕ ಬಾಗಿಲನ್ನು ತೋರಿಸಿದೆ. ಅವರು ತಲೆಯಾಡಿಸಿದರು. ಬಾಗಿಲು ಗುರುತಿಸುವ ವಿದ್ಯೆ ಅಲ್ಲೂ ಕೈಬಿಡಲಿಲ್ಲ.

ಹೊರಬಂದಾಗ ಮೇಜಿನ ಮೇಲೆ ಕಾಫಿ, ಕೇಕು. ಬೇಡವೆಂದು ಹೊಟ್ಟೆ ಮುಟ್ಟಿ ತೋರಿಸಿದೆ. ಹಸಿವೆಂದು ತಿಳಿದು ದೊಡ್ಡ ತುಂಡನ್ನೇ ಹಾಕಿದರು. ಕಪ್ಪು ಖಾಲಿಯಾದಂತೆಲ್ಲ ತುಂಬಿದರು. ಅಷ್ಟರಲ್ಲಿ ಶಾಲೆಯಲ್ಲಿ ಪಾಠ ಮಾಡುವ ಅವರ ಮಗಳು ಬಂದಳು. ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ಅವಳ ಹಿಂದೆಯೇ, ನನ್ನನ್ನು ಊರೆಲ್ಲ ಹುಡುಕಿ ಕೆಂಪಾಗಿದ್ದ ಪದ್ಮಾ.

“ಎಲ್ರೂ ಬೋಟ್ ಹತ್ರ ಹೋಗ್ತಿದಾರೆ. ನೀವಿಲ್ಲಿ ಕೇಕ್ ತಿಂತಾ ಕೂತಿದೀರಾ?”

ಅಜ್ಜಿ ಪದ್ಮಾಳ ತಣ್ಣಗಾದ ಕೈಗಳನ್ನು ತಮ್ಮ ಕೈಗಳಲ್ಲಿ ಹಿಡಿದು ಉಜ್ಜಿದರು. ಹೋದ ವರ್ಷ ತಾಯಿಯನ್ನು ಕಳೆದುಕೊಂಡಾಗಿನಿಂದ ಪದ್ಮಾಳ ಕೈಯನ್ನು ಯಾರೂ ಹಾಗೆ ಹಿಡಿದಿರಲಿಲ್ಲ, ನಾನೂ ಹಿಡಿದಿರಲಿಲ್ಲ. ಅವಳು ಅಜ್ಜಿಯ ಪಕ್ಕದಲ್ಲೇ ಕುಳಿತುಬಿಟ್ಟಳು. ಆಮೇಲೆ ಅವಳು ಕನ್ನಡದಲ್ಲಿ, ಅಜ್ಜಿ ತಮ್ಮ ಭಾಷೆಯಲ್ಲಿ ಮಾತಿಗೆ ತೊಡಗಿದರು. ಅಜ್ಜಿ ಗೋಡೆಯ ಮೇಲಿದ್ದ ಗಂಡನ ಪಟ ತೋರಿಸಿದರು, ಪದ್ಮಾ ನನ್ನನ್ನು ತೋರಿಸಿದಳು, ಇಬ್ಬರೂ ಬಹಳ ಹೊತ್ತು ನಕ್ಕರು. ಮಗಳು ಅನುವಾದಿಸಲು ಹೋಗಲಿಲ್ಲ. ನಾನೂ ಕೇಳಲಿಲ್ಲ.

ಹೊರಗೆ ಗೈಡ್ ಸೀಟಿ ಊದಿದಳು. ಎದ್ದಾಗ ಅಜ್ಜಿ ನನ್ನನ್ನೇ ನೋಡುತ್ತ ಏನೋ ಹೇಳಿದರು. ಮಗಳು ವಿವರಿಸಿದಳು: ಪ್ರತಿ ಬೇಸಿಗೆಯಲ್ಲೂ ಹಡಗಿನವರು ಬರುತ್ತಾರೆ, ದೂರ ನಿಂತು ಮನೆ ನೋಡಿ ಹೋಗುತ್ತಾರೆ, ಬಾಗಿಲು ತಟ್ಟಿದವರಿಲ್ಲ. ನಮ್ಮನ್ನು ಅರಿಯಬೇಕೆಂದು ತಾವಾಗಿ ಒಳಗೆ ಬಂದವರು ನೀವೇ ಮೊದಲಿಗರು ಎನ್ನುತ್ತಿದ್ದಾರೆ ಅಮ್ಮ.

ಪದ್ಮಾ ನನ್ನ ಕಡೆ ತಿರುಗಿದಳು. “ಹೇಳ್ಬಿಡ್ಲಾ?”

ನಾನು ಎದೆಯ ಮೇಲೆ ಕೈಯಿಟ್ಟು ಅಜ್ಜಿಗೆ ವಿನಯದಿಂದ ತಲೆಬಾಗಿದೆ. ಪೂರ್ತಿ ಬಾಗಲು ಆಗಲಿಲ್ಲ. ಅಷ್ಟೊಂದು ಕಾಫಿ ಕುಡಿದ ಮೇಲೆ, ದೋಣಿ ಹೊರಡುವ ಮೊದಲು ಅವರನ್ನು ಇನ್ನೊಮ್ಮೆ ಅರಿಯಬೇಕೆಂಬ ಹಂಬಲ ನನ್ನಲ್ಲಿ ಆಗಲೇ ಬಲವಾಗತೊಡಗಿತ್ತು.