ಸರ್ಕಾರ ಕೆಮ್ಮಿದರೆ ಸಾಕು

ಮದುವೆಯಾಗಿ ಹಾಸನದಿಂದ ಚೆನ್ನೈಗೆ ಬಂದ ಮೇಲೆ ಕಡಲು ನೋಡಿದೆ, ಬಂದರು ನೋಡಿದೆ. ಆದರೆ ನಾನು ಬಾಯಿ ಬಿಟ್ಟುಕೊಂಡು ನಿಂತದ್ದು ಅವಕ್ಕಲ್ಲ. ಇಷ್ಟೊಂದು ಜನರನ್ನು ಈ ಸರ್ಕಾರ ಅನ್ನೋದು ಕಣ್ಣಿಗೇ ಬೀಳದೆ ಹೇಗೆ ಹದ್ದುಬಸ್ತಿನಲ್ಲಿ ಇಟ್ಟಿದೆ ಅಂತ! ನಮ್ಮ ಮನೆಯಲ್ಲಿ ಇರೋದೇ ನಾಲ್ಕು ಜನ. ನನ್ನ ಮಾತನ್ನು ಒಬ್ಬರೂ ಕೇಳುವುದಿಲ್ಲ. ಅದಕ್ಕೇ ಏನೋ, ಇಂಥ ಪ್ರಸಂಗಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ.

ಕಂಬ ಮಾತಾಡಿತು

ರಾಯಪುರಂನ ಸರ್ಕಾರಿ ವಿಮಾ ಕಚೇರಿಯಲ್ಲಿ ನನ್ನ ಕೆಲಸ. ಬೆಳಿಗ್ಗೆ ಯಜಮಾನರು ಸ್ಕೂಟರಿನಲ್ಲಿ ಬಿಡುತ್ತಾರೆ. ಒಂದು ದಿನ ಸಿಗ್ನಲ್ಲಿನಲ್ಲಿ ನಿಂತಿದ್ದೆವು. ಹತ್ತಿರದಲ್ಲಿ ಒಬ್ಬ ಪೊಲೀಸೂ ಇಲ್ಲ. ಇದ್ದಕ್ಕಿದ್ದಂತೆ ಕ್ಯಾಮೆರಾ ಕಂಬದ ಸ್ಪೀಕರು ತಮಿಳಿನಲ್ಲಿ ಗುಡುಗಿತು: "ಏ ನೀಲಿ ಶರ್ಟು! ಗೆರೆ ದಾಟಿದ್ದೀಯ. ಹಿಂದಕ್ಕೆ ಹೋಗು!"

ನೀಲಿ ಶರ್ಟಿನವನು ಹಿಂದಕ್ಕೆ ಹೋದ. ಪಕ್ಕದ ಹಳದಿ ಶರ್ಟೂ ಹೋಯಿತು. ಆಟೋ ಹೋಯಿತು, ಬಸ್ಸು ಹೋಯಿತು. ಫುಟ್‌ಪಾತಿನ ಮೇಲೆ ಸುಮ್ಮನೆ ಟೀ ಕುಡಿಯುತ್ತಿದ್ದ ತಾತನೂ ಲೋಟ ಹಿಡಿದುಕೊಂಡೇ ಒಂದು ಹೆಜ್ಜೆ ಹಿಂದೆ ಸರಿದರು. ಮನೆಯಲ್ಲಿ ಮೂರು ಸಲ ಹೇಳಿದರೂ ಕುರ್ಚಿ ಸರಿಸದ ನಮ್ಮ ಯಜಮಾನರು ಕಾಲಿನಲ್ಲಿ ಸ್ಕೂಟರು ತಳ್ಳಿಕೊಂಡು ಹಿಂದೆ ಬಂದರು.

"ನಿಮ್ಮದು ಬಿಳಿ ಶರ್ಟು ಕಣ್ರೀ, ನೀವ್ಯಾಕೆ ಸರಿದ್ರಿ?" ಅಂದೆ.

ಅವರು ತಗ್ಗಿದ ದನಿಯಲ್ಲಿ, "ಒಳಗಿನ ಬನಿಯನ್ ನೀಲಿ. ಈ ಕ್ಯಾಮೆರಾಗಳಿಗೆ ಎಲ್ಲೀ ತನಕ ಕಾಣುತ್ತೋ ಯಾರಿಗೆ ಗೊತ್ತು" ಅಂದರು.

ಹಾಲಿನ ಸಾಲು

ನಾವಿರೋದು ಮಾಧವರಂನಲ್ಲಿ. ಕೊರೋನಾ ಕಾಲದಲ್ಲಿ ನಮ್ಮ ಬೀದಿಯ ಹಾಲಿನ ಬೂತಿನ ಮುಂದೆ ಬಿಳಿ ಬಣ್ಣದಲ್ಲಿ ವೃತ್ತ ಬರೆದು, ಒಬ್ಬೊಬ್ಬರು ಒಂದೊಂದರಲ್ಲಿ ನಿಲ್ಲಬೇಕು ಅಂದಿದ್ದರು. ಕೊರೋನಾ ಹೋಯಿತು, ಬಣ್ಣವೂ ಅಳಿಸಿತು. ಜನ ಮಾತ್ರ ಈಗಲೂ ಅದೇ ಜಾಗಗಳಲ್ಲೇ ನಿಲ್ಲುತ್ತಾರೆ. ಹೇಳುವವರಿಲ್ಲ, ಕೇಳುವವರಿಲ್ಲ. ನೋಡಿದರೆ ಮೈ ಜುಮ್ಮೆನ್ನುತ್ತದೆ.

ಮೊನ್ನೆ ನಾನು ಹೋದಾಗ ಸಾಲು ಮುಂದೆ ಹೋಗುತ್ತಲೇ ಇರಲಿಲ್ಲ. ಇಣುಕಿದೆ. ಬೂತಿನ ಮುಂದಿನ ಜಾಗದಲ್ಲಿ ಬೀದಿನಾಯಿಯೊಂದು ಸುರುಳಿ ಸುತ್ತಿಕೊಂಡು ಮಲಗಿತ್ತು. ಅದರ ಹಿಂದಿನ ಜಾಗದಲ್ಲಿ ಒಬ್ಬ ಮಾಮಿ ಚೀಲ ಹಿಡಿದು ನಿಂತಿದ್ದರು.

"ಮಾಮಿ, ಮುಂದೆ ಹೋಗಿ" ಅಂದೆ.

ಮಾಮಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದು ನನಗಿಂತ ಮುಂಚೆ ಬಂದಿದೆ" ಅಂದರು.

ಗುಟ್ಟಿನ ಮತದಾನ

ಒಂದು ಚುನಾವಣೆಯಲ್ಲಿ ನನಗೆ ಕಾಸಿಮೇಡಿನ ಶಾಲೆಯೊಂದರಲ್ಲಿ ಬೆರಳಿಗೆ ಶಾಯಿ ಹಚ್ಚುವ ಕೆಲಸ ಬಿತ್ತು. ಸಾಲಿನ ಮೊದಲಿಗರು ಬಂದರಿನಲ್ಲಿ ಮೀನು ಏಲಂ ಕೂಗುವವರು. ಆಳು ಎತ್ತರ, ದನಿ ಆಳಿಗಿಂತ ಎತ್ತರ. ಶಾಯಿ ಹಚ್ಚಿಸಿಕೊಂಡು ಮರೆಯೊಳಗೆ ಹೋದರು. ಒಳಗಿನಿಂದ ಕೂಗು ಕೇಳಿಸಿತು: "ಬಾಚಣಿಗೆ! ಇಸ್ತ್ರಿಪೆಟ್ಟಿಗೆ! ಬಕೀಟು!" ಅಭ್ಯಾಸಬಲ, ಚಿಹ್ನೆಗಳನ್ನು ಒಂದೊಂದಾಗಿ ಏಲಂಗೆ ಇಟ್ಟುಬಿಟ್ಟಿದ್ದರು!

ನಮ್ಮ ಮತಗಟ್ಟೆ ಅಧಿಕಾರಿಗಳು ಕುರ್ಚಿಯಿಂದ ಹಾರಿಬಿದ್ದು, "ಅಯ್ಯಾ, ಅದು ಗುಟ್ಟು! ಬಾಯಿ ಮುಚ್ಚಿ!" ಅಂದರು.

ಏಲಂನವರು ಅಕ್ಷರಶಃ ಮುಚ್ಚಿಕೊಂಡರು. ಬಲಗೈ ಬಾಯಿಗೆ ಅಡ್ಡ ಹಿಡಿದು, ಎಡಗೈಯಲ್ಲಿ ಗುಂಡಿ ಒತ್ತಿ, ಹಾಗೇ ಹೊರಗೆ ನಡೆದರು. ಸಾಲಿನಲ್ಲಿದ್ದವರು ಅದನ್ನು ನೋಡಿದರು. ಮುಂದಿನ ಹೆಂಗಸು ಬರುವಾಗಲೇ ಬಾಯಿಗೆ ಕೈ. ಅವರ ಹಿಂದಿನವರೂ ಹಾಗೇ. ಯಾಕೆ ಅಂತ ಒಬ್ಬರಾದರೂ ಕೇಳಬೇಕಲ್ಲ? ಊಹೂಂ. ಮಧ್ಯಾಹ್ನದ ಹೊತ್ತಿಗೆ ಬಾಗಿಲ ಕಾನ್‌ಸ್ಟೇಬಲ್, ಬಾಯಿಗೆ ಕೈ ಇಡದೆ ಬಂದವರನ್ನು ತಡೆದು, "ರೂಲ್ಸು ಗೊತ್ತಿಲ್ಲವಾ? ಕೈ ಬಾಯಿಗೆ!" ಅಂತ ಗದರುತ್ತಿದ್ದ.

"ಸರ್, ಇಂಥ ರೂಲೇ ಇಲ್ಲ ಅಂತ ಹೇಳಿಬಿಡೋಣವಾ?" ಅಂದೆ.

ಅಧಿಕಾರಿಗಳು ಆ ಮೌನದ ಸಾಲನ್ನು ಕಣ್ತುಂಬ ನೋಡಿ, "ಸುಮ್ಮನಿರಮ್ಮ. ಸರ್ವೀಸಿನಲ್ಲಿ ಇಂಥ ಶಾಂತಿಯುತ ಮತದಾನ ನಾನು ಕಂಡಿಲ್ಲ" ಅಂದರು. ಹಾಗನ್ನುವಾಗ ಅವರ ಕೈಯೂ ಬಾಯಿಗೆ ಅಡ್ಡ ಬಂದಿತ್ತು.

ಅತ್ತೆ ಬದುಕಿದ್ದಾರೆ

ನಮ್ಮತ್ತೆ ಯಾರಿಗೂ ಬಗ್ಗಿದವರಲ್ಲ. ಮಾವ ರೈಲ್ವೆಯಲ್ಲಿದ್ದರು, ಅವರು ತೀರಿಕೊಂಡ ಮೇಲೆ ಅತ್ತೆಗೆ ಪಿಂಚಣಿ ಬರುತ್ತದೆ. ಅದಕ್ಕಾಗಿ ವರ್ಷಕ್ಕೊಮ್ಮೆ, ತಾನಿನ್ನೂ ಬದುಕಿದ್ದೇನೆ ಅಂತ ಸರ್ಕಾರಕ್ಕೆ ತೋರಿಸಬೇಕು. ಮೊದಲೆಲ್ಲ ಬ್ಯಾಂಕಿಗೆ ಹೋಗಿಬರುತ್ತಿದ್ದೆವು. ಈಗ ಫೋನಿನ ಮುಂದೆ ಮುಖ ಹಿಡಿದರೆ ಆಯಿತು. ಅತ್ತೆಯನ್ನು ಮಂಚದ ಮೇಲೆ ಕೂರಿಸಿ ಯಜಮಾನರು ಫೋನು ಹಿಡಿದರು.

"ಅಮ್ಮ, ಕಣ್ಣು ಮಿಟುಕಿಸಬೇಕಂತೆ."

"ಯಾರಿಗೆ?"

"ಸರ್ಕಾರಕ್ಕೆ."

ಅತ್ತೆಯ ಮುಖ ಕೆಂಪಾಯಿತು. "ನಿಮ್ಮಪ್ಪನಿಗೇ ಒಂದು ದಿನ ಕಣ್ಣು ಹೊಡೆದವಳಲ್ಲ ನಾನು. ಈ ವಯಸ್ಸಲ್ಲಿ ಸರ್ಕಾರಕ್ಕೆ ಹೊಡೀಲಾ?"

"ಹಂಗಲ್ಲಮ್ಮ, ಮಿಟುಕಿಸದಿದ್ರೆ ನೀನು ಇಲ್ಲ ಅಂತ ಬರ್ಕೊಳ್ತಾರೆ."

ಯಾರ ಮಾತಿಗೂ ಸೊಪ್ಪು ಹಾಕದ ಆ ಜೀವ ಅಂಗೈಯಗಲದ ಫೋನಿನ ಮುಂದೆ ಮೆತ್ತಗಾಗುವುದನ್ನು ನಾನು ಉಸಿರು ಬಿಗಿಹಿಡಿದು ನೋಡಿದೆ. ಕೊನೆಗೆ ಮಗನಿಗೆ, "ನೀನು ಆಚೆ ಹೋಗು. ಮಗನ ಮುಂದೆ ಆಗಲ್ಲ" ಅಂದರು. ಯಜಮಾನರು ಹೋದ ಮೇಲೆ ಫೋನು ನಾನು ಹಿಡಿದೆ. ಅತ್ತೆ ತಲೆಕೂದಲು ನೀವಿಕೊಂಡರು, ಸೆರಗು ಹೊದ್ದರು. ಆಮೇಲೆ ಗೋಡೆ ಕಡೆ ಕಣ್ಣಲ್ಲೇ ತೋರಿಸಿ ಪಿಸುಗುಟ್ಟಿದರು: "ನಿಮ್ಮ ಮಾವನ ಫೋಟೋನ ಆ ಕಡೆ ತಿರುಗಿಸೇ."

ತಿರುಗಿಸಿದೆ. ಅತ್ತೆ ಉಸಿರೆಳೆದುಕೊಂಡು, ಎರಡು ಕಣ್ಣೂ ಮಿಟುಕಿಸಬೇಕಾದಲ್ಲಿ ಒಂದೇ ಕಣ್ಣನ್ನು ಪಟ್ಟನೆ ಹೊಡೆದುಬಿಟ್ಟರು. ಫೋನಿನಲ್ಲಿ ಹಸಿರು ಗುರುತು ಬಂತು.

"ಆಯ್ತು ಅತ್ತೆ. ನೀವು ಬದುಕಿದ್ದೀರಿ ಅಂತ ಒಪ್ಪಿಕೊಂಡರು."

ಅತ್ತೆ ಕೆನ್ನೆ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ! ಒಂದೇ ಸಲಕ್ಕಾ?" ಅಂದರು.