ಸೊಂಟದಿಂದ ಹಿಮ್ಮಡಿಯವರೆಗೆ

ನರಸಿಂಹರಾಜಪುರದ ಬಟ್ಟೆ ಅಂಗಡಿ ಪರಮೇಶ್ವರಪ್ಪನವರ ಸೊಂಟ ಹಿಡಿದದ್ದು ಒಂದು ನೀಲಿ ಸೀರೆಯಿಂದ.

"ಆ ಕೆಳಗಡೆ ಇದೆಯಲ್ಲ, ನೀಲಿದು, ಅದನ್ನ ತೆಗೀರಿ" ಎಂದರು ಬೆಳಗಿನ ಮೊದಲ ಗಿರಾಕಿ ಹೊನ್ನಕ್ಕ. ಪರಮೇಶ್ವರಪ್ಪ ಬಗ್ಗಿ ಎಳೆದರು. ಸೀರೆ ಬರಲಿಲ್ಲ. ಸೊಂಟದಲ್ಲಿ ಹುಟ್ಟಿದ ಮಿಂಚೊಂದು ತೊಡೆಯ ಹಿಂಭಾಗದಲ್ಲಿ ಹಾದು ಎಡಗಾಲಿನ ಹಿಮ್ಮಡಿಗೆ ಬಡಿಯಿತು. "ಅಯ್ಯಪ್ಪಾ!" ಎಂದವರು ಕಡ್ಡಿ ಮುರಿದ ಕೊಡೆಯಂತೆ ಒಂದು ಪಕ್ಕಕ್ಕೆ ವಾಲಿ ನಿಂತುಬಿಟ್ಟರು.

"ಬೇಡ ಬಿಡಿ, ಮೇಲಿರೋದೇ ಚೆನ್ನಾಗಿದೆ" ಎಂದರು ಹೊನ್ನಕ್ಕ. ಆಮೇಲೆ ಅವರ ಮುಖ ನೋಡಿ, "ಎಂತಾಯ್ತು ಮಾರಾಯ್ರೆ? ಉಳುಕಾ? ಇರಿ, ನಮ್ಮ ಕಲ್ಲಮ್ಮನ್ನ ಕರೀತೀನಿ. ಅವಳು ಹುಟ್ಟುವಾಗ ಕಾಲು ಮುಂದಾಗಿ ಬಂದೋಳು. ಅಂಥೋರು ಒದ್ರೆ ಉಳುಕು ನಿಲ್ಲಲ್ಲ."

ಬೇಡ ಎನ್ನುವಷ್ಟರಲ್ಲಿ ಕಲ್ಲಮ್ಮ ಬಂದಾಗಿತ್ತು. ಎದುರು ಸಾಲಿನ ತರಕಾರಿ ಅಂಗಡಿಯವಳು, ಗಟ್ಟಿ ಆಳು. "ತಪ್ಪು ತಿಳ್ಕೋಬೇಡಿ ಸಾವ್ಕಾರ್ರೆ" ಎಂದು ಕೈಮುಗಿದು, ಸೀರೆ ನೆರಿಗೆ ಎತ್ತಿ ಸಿಕ್ಕಿಸಿ, ಒದ್ದಳು. ಹಿಮ್ಮಡಿವರೆಗೆ ಇದ್ದ ನೋವು ಕಿರುಬೆರಳಿಗೂ ಇಳಿಯಿತು.

"ಇನ್ನೊಂದು ಸಲ ಒದೀಬೇಕೇನೋ" ಎಂದರು ಹೊನ್ನಕ್ಕ.

ಹೆಂಡತಿ ದಾಕ್ಷಾಯಣಮ್ಮ ಒಳಗಿನಿಂದ ಓಡಿಬಂದು ಗಂಡನಿಗೆ ಅಡ್ಡ ನಿಂತರು. "ಸಾಕು ನಿಮ್ಮ ವೈದ್ಯ! ರೀ, ಕೊಪ್ಪದಲ್ಲಿ ಫಿಜಿಯೋಥೆರಪಿ ಶುರುವಾಗಿದೆಯಂತಲ್ಲ, ಹೋಗಿ ತೋರಿಸ್ಕೊಂಡು ಬನ್ನಿ. ಅಂಗಡಿ ನಾನು ನೋಡ್ಕೋತೀನಿ."

ಬಸ್ಸಿನಲ್ಲಿ ಕೂರಲು ಆಗದೆ ಪರಮೇಶ್ವರಪ್ಪ ಕಂಬಿ ಹಿಡಿದು ನಿಂತರು. ತಿರುವು ಬಂದಾಗಲೆಲ್ಲ ಅವರು ಕೂಗಿದರು. ಕೂಗಿದಾಗಲೆಲ್ಲ ಬಸ್ಸಿನವರು ಒಂದೊಂದು ಔಷಧ ಹೇಳಿದರು. ಹರಳೆಣ್ಣೆ ಅಂದವರೊಬ್ಬರು, ಬಿಸಿ ಮರಳು ಅಂದವರೊಬ್ಬರು. "ಆಪರೇಷನ್ನೇ ಆಗ್ಬೇಕು, ನಮ್ಮ ಭಾವನಿಗೆ ಆಯ್ತು, ಈಗ್ಲೂ ಮಲಗೇ ಇದ್ದಾರೆ" ಎಂದು ಧೈರ್ಯ ತುಂಬಿದವರೊಬ್ಬರು.

ಕೊಪ್ಪದ ಆ ಸಣ್ಣ ಕೋಣೆಯಲ್ಲಿ ಅರ್ಪಣಾ ಎಂಬ ಹುಡುಗಿ ಇದ್ದಳು. ಡಾಕ್ಟರೆಲ್ಲಿ ಎಂದು ಕೇಳಿದರೆ ನಾನೇ ಎಂದಳು. ಮಲಗಿಸಿ ಕಾಲನ್ನು ನೇರವಾಗಿ ಮೇಲೆತ್ತಿದಳು, ಕಾಲಿನ ಹೆಬ್ಬೆರಳು ಒತ್ತಿ ಬಲ ನೋಡಿದಳು, ಪಾದವನ್ನು ಹತ್ತಿಯಿಂದ ಸವರಿ "ಗೊತ್ತಾಗ್ತದಾ ಅಂಕಲ್?" ಎಂದಳು. ಆಮೇಲೆ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಬೆನ್ನುಮೂಳೆಯನ್ನು ಎತ್ತಿ ತೋರಿಸಿದಳು.

"ಇಲ್ಲಿ ನೋಡಿ, ಸೊಂಟದಿಂದ ಹೊರಡೋ ನರ ಇದು. ನಿಮ್ಮ ಕೈ ಹೆಬ್ಬೆರಳಿನಷ್ಟು ದಪ್ಪ. ಪಾದದವರೆಗೂ ಹೋಗ್ತದೆ. ಇಲ್ಲಿ ಮೇಲೆ ಒತ್ತಿದ್ರೆ ಅಲ್ಲಿ ಕೆಳಗೆ ನೋವು. ಕಾಲಿಗೆ ಏನೂ ಆಗಿಲ್ಲ."

ಪರಮೇಶ್ವರಪ್ಪ ಬೆರಗಾದರು. ಜೀವಮಾನವೆಲ್ಲ ನೂಲು ಬಟ್ಟೆ ಎಂದು ವ್ಯಾಪಾರ ಮಾಡಿದವರಿಗೆ ತಮ್ಮೊಳಗೇ ಇಂಥದೊಂದು ಎಳೆ ಹೊಸೆದಿಟ್ಟಿರುವುದು ಗೊತ್ತಿರಲಿಲ್ಲ. ಯಾವ ನೇಕಾರ ನೇಯ್ದನೋ! ಗಂಟಿಲ್ಲ, ಜೋಡಣೆಯಿಲ್ಲ. ತಮ್ಮ ಹೆಬ್ಬೆರಳನ್ನು ಒಮ್ಮೆ, ಕಾಲನ್ನು ಒಮ್ಮೆ ನೋಡಿಕೊಂಡರು.

"ಈಗ ಕವುಚಿ ಮಲಗಿ. ಸೊಂಟ ಸಡಿಲ ಬಿಡಿ. ಕೈಯೂರಿ ಎದೆ ಮಾತ್ರ ಮೇಲೆತ್ತಿ. ಮಕ್ಕಳು ಮಗುಚಿಕೊಂಡು ತಲೆ ಎತ್ತುತ್ವಲ್ಲ, ಹಾಗೆ."

ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಕಿರುಬೆರಳಿನ ಉರಿ ಆರಿತು. ಹಿಮ್ಮಡಿ ಹಗುರಾಯಿತು. ನೋವು ಮೀನಖಂಡಕ್ಕೆ ಏರಿ, ತೊಡೆಗೆ ಏರಿ, ಕೊನೆಗೆ ಸೊಂಟದಲ್ಲಿ ಒಂದು ಬೊಟ್ಟಿನಷ್ಟಾಗಿ ಕೂತಿತು. ಔಷಧವಿಲ್ಲ, ಸೂಜಿಯಿಲ್ಲ! ಎದ್ದು ನಿಂತರೆ ನೆಟ್ಟಗೆ ನಿಂತಿದ್ದರು. ಅವರ ಕಣ್ಣು ತುಂಬಿಬಂತು.

"ಏನು ವಿದ್ಯೆ ತಾಯಿ ಇದು!"

"ವಿದ್ಯೆ ನಂದು, ಕೆಲ್ಸ ನಿಮ್ದು ಅಂಕಲ್" ಎಂದು ಅರ್ಪಣಾ ನಕ್ಕಳು. "ಬಗ್ಗಬೇಡಿ, ಭಾರ ಎತ್ತಬೇಡಿ. ಯಾರೂ ನಿಮ್ಮನ್ನ ಹಿಡಿದು ಎಳೆಯೋದೂ ಬೇಡ. ನೋವು ಕಾಲಿಗೆ ಇಳೀತಾ ಇದೆ ಅನ್ನಿಸಿದ ಕೂಡ್ಲೇ ಕವುಚಿ ಮಲಗಿ ಇದನ್ನ ಮಾಡಿ. ನಾಚ್ಕೋಬೇಡಿ."

ವಾಪಸು ಬರುವಾಗ ಪರಮೇಶ್ವರಪ್ಪ ಹುಮ್ಮಸ್ಸಿನಲ್ಲಿ ಸೀಟು ಹಿಡಿದು ಕೂತರು. ಅದೇ ತಪ್ಪಾಯಿತು. ಊರು ಮುಟ್ಟಿ ಬಸ್ಸಿಳಿಯುವ ಹೊತ್ತಿಗೆ ನೋವು ತೊಡೆಗಿಳಿದಿತ್ತು. ಇನ್ನೆರಡು ಹೆಜ್ಜೆಗೆ ಮೀನಖಂಡ ಮುಟ್ಟಿತು. ಡಾಕ್ಟರಮ್ಮನ ಮಾತು ನೆನಪಾಯಿತು. ಬಸ್‌ಸ್ಟ್ಯಾಂಡಿನ ಕಟ್ಟೆಯ ಪಕ್ಕ ಹೆಗಲ ಮೇಲಿನ ಟವಲ್ ಹಾಸಿ, ಕೈ ಮುಂದೆ ಚಾಚಿ, ಉದ್ದಕ್ಕೆ ಕವುಚಿ ಮಲಗಿ ಕಣ್ಣು ಮುಚ್ಚಿದರು. ಆಹಾ, ನೋವು ಹಿಂದೆ ಸರಿಯುತ್ತಿತ್ತು! ಇನ್ನು ಎದೆ ಎತ್ತಬೇಕು ಎಂದು ಕಣ್ಣು ಬಿಟ್ಟರೆ, ಮೂಗಿನ ಮುಂದೆ ಎರಡು ಪಾದ. ತಲೆ ಎತ್ತಿದರೆ, ಶಿವಶಂಕರಪ್ಪ.

ಹಿಂದೊಮ್ಮೆ ಮದುವೆಯೂಟದ ಪಂಕ್ತಿಯಲ್ಲಿ ಎಲ್ಲರೆದುರು "ಪರಮೇಶ್ವರಪ್ಪನ ಅಂಗಡಿ ಪಂಚೆ ಒಂದೇ ಒಗೆತಕ್ಕೆ ಟವಲ್ ಆಗ್ತದೆ" ಎಂದ ಮಹಾನುಭಾವ ಇವರೇ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅವನು ಬಂದು ತಪ್ಪಾಯ್ತು ಅನ್ನುವವರೆಗೆ ಅವನ ಮುಖ ನೋಡೆನೆಂದು ಪರಮೇಶ್ವರಪ್ಪ ಹಟ ಹಿಡಿದು ವರ್ಷಗಳೇ ಕಳೆದಿದ್ದವು.

"ಅಯ್ಯಯ್ಯೋ, ಸಾಷ್ಟಾಂಗ! ನನಗಾ?" ಶಿವಶಂಕರಪ್ಪ ಎದೆಗೆ ಕೈಯಿಟ್ಟುಕೊಂಡರು. ಜನ ಸೇರಿದರು.

"ಅಲ್ರೀ, ಇದು ನರದ ನೋವಿಗೆ..."

"ನೋವು ನಂಗಿರ್ಲಿಲ್ವಾ ಮಾರಾಯ್ರೆ? ಏಳಿ, ಏಳಿ!" ಎಂದು ಶಿವಶಂಕರಪ್ಪ ಬಗ್ಗಿ, ಕಂಕುಳಿಗೆ ಕೈಹಾಕಿ, ಅಕ್ಕಿಮೂಟೆ ಎತ್ತುವಂತೆ ಒಂದೇ ಸಲಕ್ಕೆ ಎತ್ತಿ ಅಪ್ಪಿಕೊಂಡರು.

ಸೊಂಟದೊಳಗೆ ಏನೋ 'ಚಳಕ್' ಎಂದಿತು. ಪರಮೇಶ್ವರಪ್ಪನವರ ಕಣ್ಣಲ್ಲಿ ಧಾರಾಕಾರ ನೀರು. ನೋಡಿದ ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಶಿವಶಂಕರಪ್ಪ ಕಿವಿಯ ಹತ್ತಿರ ಪಿಸುಗುಟ್ಟಿದರು: "ನಿಜ ಹೇಳ್ಲಾ? ನಾನು ಈಗ ನಿಮ್ಮಂಗಡಿಗೇ ಹೊರಟಿದ್ದೆ. ಎಲ್ರೆದುರು ಕಾಲಿಗೆ ಬಿದ್ದು ತಪ್ಪಾಯ್ತು ಅಂತ ಹೇಳಿ ಬನ್ನಿ ಅಂತ ನಮ್ಮನೆಯವಳು ಕಳಿಸಿದ್ಲು. ನೀವೇ ಬಿದ್ರಲ್ಲ, ಇನ್ನು ನಾನೆಂತಕ್ಕೆ ಬೀಳೋದು?" ಆಮೇಲೆ ಜನರ ಕಡೆ ತಿರುಗಿ ದನಿ ಎತ್ತರಿಸಿದರು. "ನಾನು ಇವರನ್ನ ಕ್ಷಮಿಸಿದ್ದೀನಿ! ಆಯ್ತಾ ಪರಮೇಶ್ವರಪ್ನೋರೆ?"

ಪರಮೇಶ್ವರಪ್ಪ ಬಾಯಿ ತೆರೆದರು. ಹೇಳಬೇಕಾದದ್ದು ಬೇಕಾದಷ್ಟಿತ್ತು. ಆದರೆ ಅಷ್ಟರಲ್ಲಿ ಮಿಂಚು ಹಿಮ್ಮಡಿಗೆ ಬಡಿದದ್ದರಿಂದ ಹೊರಗೆ ಬಂದದ್ದು "ಹಾಂ!" ಒಂದೇ.

"ಒಪ್ಕೊಂಡ್ರು!" ಎಂದು ಬಸ್‌ಸ್ಟ್ಯಾಂಡಿಗೆ ಬಸ್‌ಸ್ಟ್ಯಾಂಡೇ ಚಪ್ಪಾಳೆ ತಟ್ಟಿತು.