ಏಳೂವರೆ ಫೂಟಿನ ಮನೆಗೆ ತಕ್ಕ ಗಾಡಿ

ಅಳತೆಯ ವಿಷಯದಲ್ಲಿ ನಾನು ಹುಟ್ಟಾ ಪುಕ್ಕಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚಪ್ಪಲಿ ಕೊಳ್ಳಲು ಹೋದರೆ ಏಳನೇ ನಂಬರು ಬಿಗಿ, ಎಂಟನೇ ನಂಬರು ಸಡಿಲ ಅನ್ನಿಸಿ, ಒಂದೊಂದು ಕಾಲಿಗೆ ಒಂದೊಂದನ್ನು ಹಾಕಿಕೊಂಡು ಅರ್ಧ ತಾಸು ಅಂಗಡಿಯ ತುಂಬ ಓಡಾಡಿ, ಕೊನೆಗೆ ಹಳೆಯದನ್ನೇ ಮೆಟ್ಟಿಕೊಂಡು ಮನೆಗೆ ಬಂದವನು ನಾನು. ಇದಕ್ಕೆ ನನ್ನ ನೌಕರಿಯೂ ಸ್ವಲ್ಪ ಕಾರಣ. ಮೂವತ್ತೊಂದು ವರ್ಷ ಕೋರ್ಟಿನ ಕಚೇರಿಯಲ್ಲಿ ಕಾಗದ ನೋಡಿದೆ. ತೀರ್ಪು ಕೊಡುವುದು ಬೇರೆಯವರ ಕೆಲಸ, ಮುಂದಿನ ತಾರೀಖು ಬರೆದುಕೊಳ್ಳುವುದು ನನ್ನದು. ಆ ರೂಢಿ ನನ್ನ ಜೊತೆಗೇ ನಡೆದು ಮನೆಯೊಳಗೂ ಬಂದು ಕೂತಿತು. ಫ್ರಿಜ್ಜು ಎಷ್ಟು ದೊಡ್ಡದಿರಬೇಕು ಎಂಬ ಪ್ರಕರಣ ನಮ್ಮಲ್ಲಿ ನಾಲ್ಕು ಬೇಸಿಗೆ ನಡೆದಿದೆ. ಜಮಖಂಡಿಯ ಬೇಸಿಗೆ ಎಂಥದೆಂದು ಬಲ್ಲವರು ನನ್ನ ಹೆಂಡತಿ ಸುನಂದಾಳ ತಾಳ್ಮೆ ಎಂಥದೆಂದೂ ಇದರಿಂದ ತಿಳಿದುಕೊಳ್ಳಬಹುದು.

ಈ ಸುನಂದಾ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು, ಎರಡು ವರ್ಷದ ಹಿಂದೆ ನಿವೃತ್ತಳಾದಳು. ಬೀಳ್ಕೊಡುಗೆಯ ಹಾರ ಇನ್ನೂ ಬಾಡಿರಲಿಲ್ಲ, ನನ್ನೆದುರು ಕುಳಿತು ಹೇಳಿದಳು: “ನಂದೊಂದು ಆಸೆ ಐತ್ರಿ. ಹೊಳಿ ದಂಡಿ ಮ್ಯಾಲ ಒಂದ್ ದಿನ ಮುಂಜಾನೆ ಏಳಬೇಕು. ಕಣ್ಣು ತೆಗದ್ರ ನೀರು ಕಾಣಬೇಕು. ಯಾರೂ ನನ್ನ ಏನೂ ಕೇಳಬಾರದು.”

ಇದೇನು ದೊಡ್ಡ ಆಸೆ ಎಂದುಕೊಂಡು ನಾನು, “ಅದಕ್ಕೇನ, ತುಬಚಿಗೆ ನಿನ್ನ ತಮ್ಮನ ಮನಿಗೆ ಹೋಗೂಣು. ಹೊಳಿ ಅಲ್ಲೇ ಐತಿ” ಅಂದೆ.

“ಅಲ್ಲಿ ಹೋದ್ರ ಹೊಳಿ ಎಲ್ಲಿ ಕಾಣತೈತ್ರಿ, ಮಂದಿ ಕಾಣ್ತಾರ” ಅಂದಳು.

ಮಾತು ಖರೆ. ಆಕೆ ತುಬಚಿಯ ಮಗಳು. ಬಸ್ಸಿನಿಂದ ಇಳಿಯುವಷ್ಟರಲ್ಲಿ ಒಂದು ಮನೆಯಲ್ಲಿ ಚಹಾ, ಇನ್ನೊಂದರಲ್ಲಿ ಕುಂಕುಮ, ಮೂರನೆಯದರಲ್ಲಿ ಮೊಮ್ಮಗನ ಗಣಿತದ ಪುಸ್ತಕ ಸಿದ್ಧವಾಗಿರುತ್ತದೆ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳು ಟೀಚರ್ ಟೀಚರ್ ಎಂದು ಕೇಳಿದರು. ಮನೆಯಲ್ಲಿ ನನ್ನ ಚಷ್ಮಾ ಎಲ್ಲಿ, ನನ್ನ ಪೆನ್ನು ಎಲ್ಲಿ ಎಂದು ಕೇಳಿದವನು ಒಬ್ಬನೇ ಆದರೂ ಅವರೆಲ್ಲರಷ್ಟೇ ಕೇಳಿದ. ಲಾಡ್ಜಿಗೆ ಹೋಗೋಣವೆಂದರೆ ಮಂದಿಯ ತಲೆದಿಂಬಿಗೆ ಆಕೆ ತಲೆ ಇಡುವುದಿಲ್ಲ. ಇಷ್ಟು ವರ್ಷದಲ್ಲಿ ತನಗಾಗಿ ಆಕೆ ಕೇಳಿದ್ದು ಇದೊಂದೇ ಎಂಬುದು ಹೊಳೆದು ನನಗೆ ಒಳಗೊಳಗೇ ನಾಚಿಕೆಯಾಯಿತು.

ದಾರಿಯನ್ನೂ ಆಕೆಯೇ ಹುಡುಕಿದಳು. ಪಿಕಪ್ ಗಾಡಿಯ ಹಿಂದೆ ಕೂರಿಸಿಕೊಂಡು ಹೋಗುವ ಮಡಚು ಮನೆಯೊಂದನ್ನು ಮೊಬೈಲಿನಲ್ಲಿ ನೋಡಿದ್ದಳು. ಮುಚ್ಚಿದ್ದಾಗ ಅದು ಎದೆಯೆತ್ತರದ ಒಂದು ಪೆಟ್ಟಿಗೆ. ಮೇಲಿನ ಮುಚ್ಚಳ ಎತ್ತಿದರೆ ಹಾರ್ಮೋನಿಯಂ ತಿದಿಯಂತೆ ಕ್ಯಾನ್ವಾಸಿನ ಗೋಡೆ ಬಿಚ್ಚಿಕೊಂಡು, ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ, ಒಂದು ಗ್ಯಾಸಿನ ಒಲೆ, ಮೂರು ಕಿಟಕಿ. ಗಣಿತದ ನೋಟುಬುಕ್ಕಿನ ಚೌಕಳಿ ಹಾಳೆಯ ಮೇಲೆ ಅದರ ಚಿತ್ರ ಬರೆದುಕೊಂಡು ಮುಧೋಳಕ್ಕೆ ಹೋಗಿ, ಕಬ್ಬಿನ ಟ್ರೇಲರ್ ಕಟ್ಟುವ ರಾಜೇಸಾಬನ ಕೈಗೆ ಕೊಟ್ಟಳು. ಬರುವಾಗ ನನಗೆ, “ಮನಿ ನಂದು, ಗಾಡಿ ನಿಮ್ದು” ಎಂದು ಕೆಲಸ ಹಂಚಿದಳು. ಗಾಡಿ ಕೊಂಡು ಅದರ ಅಳತೆಗೆ ಪೆಟ್ಟಿಗೆ ಕಟ್ಟಿಸುವುದು ಜಗತ್ತಿನ ಕ್ರಮ. ನಾವು ಪೆಟ್ಟಿಗೆ ಕಟ್ಟಿಸಿ ಗಾಡಿ ಹುಡುಕಲು ಹೊರಟೆವು.

ಮೂರು ವಾರಕ್ಕೆ ರಾಜೇಸಾಬ ಏಳೂವರೆ ಫೂಟು ಉದ್ದದ ಮನೆಯನ್ನು ನಮ್ಮ ಓಣಿಯ ಬಾಯಿಗೆ ತಂದಿಳಿಸಿದ. ಓಣಿ ಇಕ್ಕಟ್ಟು, ಹನ್ನೆರಡು ಮಂದಿ ಹೊತ್ತು ತಂದು ಅಂಗಳದಲ್ಲಿ ಅದರ ನಾಲ್ಕು ಕಬ್ಬಿಣದ ಕಾಲಿನ ಮೇಲೆ ನಿಲ್ಲಿಸಿದರು. ಗಾಡಿ ಆರಿಸಲು ತೂಕ ಗೊತ್ತಾಗಬೇಕಲ್ಲ, ಕೇಳಿದೆ. ಮುಂದೆ ಹೊತ್ತವರು ಮೂರು ಕ್ವಿಂಟಲ್ ಅಂದರು, ಹಿಂದೆ ಹೊತ್ತವರು ಎಂಟು ಕ್ವಿಂಟಲ್ ಅಂದರು. ರಾಜೇಸಾಬ ಮಾತ್ರ ನಕ್ಕ. “ತೂಕ ಏನ್ ಕೇಳ್ತೀರಿ ಸಾಹೇಬ್ರ, ಇದರ ಮ್ಯಾಲ ಐದ್ ಟನ್ ಕಬ್ಬು ಹಾಕಿದ್ರೂ ಬಗ್ಗಂಗಿಲ್ಲ.” ನಾನು ಅದು ಎಷ್ಟು ಭಾರವಿದೆ ಎಂದು ಕೇಳಿದರೆ, ಅವನು ಎಷ್ಟು ಭಾರ ಹೊರುತ್ತದೆ ಎಂದು ಹೇಳುತ್ತಿದ್ದ. ಜೀವಮಾನವೆಲ್ಲ ಟ್ರೇಲರ್ ಕಟ್ಟಿದವನಿಗೆ ಬೇರೆ ತೂಕ ಕಾಣುವುದಾದರೂ ಹೇಗೆ? ಕಾಲುಗಳನ್ನೂ ಹಾಗೆಯೇ ಮಾಡಿದ್ದ. ಹಿಡಿ ತಿರುವಿದರೆ ನನ್ನ ಎದೆಯ ಮಟ್ಟಕ್ಕೆ ಏರುತ್ತಿದ್ದವು. ಸಾಯಂಕಾಲ ಮುಚ್ಚಳ ಎತ್ತಿ ಕಿಟಕಿ ತೆರೆದಾಗ ಓಣಿಯಲ್ಲಿ ಹೋಗುತ್ತಿದ್ದ ಇಬ್ಬರು ತಿಂಡಿಯ ಅಂಗಡಿಯೆಂದು ತಿಳಿದು ಒಳಗೆ ಬಂದು, “ಗಿರ್ಮಿಟ್ ಐತೇನ್ರಿ?” ಎಂದು ಕೇಳಿದರು. ಸುನಂದಾ ಇಲ್ಲವೆಂದು ಹೇಳಿದಳು. ಯಾವಾಗ ಶುರುವಾಗುತ್ತದೆ ಎಂದು ಕೇಳಿಕೊಂಡು ಹೋದರು.

ಇನ್ನು ನನ್ನ ಪಾಲಿನ ಕೆಲಸ. ಖಾಕಿ ಬಣ್ಣದ ಫೈಲು ಮಾಡಿ, ಮೂರು ಗಾಡಿಗಳ ಕಾಗದ ಸೇರಿಸಿ, ಪುಟಸಂಖ್ಯೆ ಹಾಕಿ, ದಾರ ಕಟ್ಟಿದೆ. ಸಣ್ಣ ಗಾಡಿಯ ಹಿಂಭಾಗ ಏಳು ಫೂಟು, ಅಂದರೆ ಮನೆ ಅರ್ಧ ಫೂಟು ಹೊರಗೆ ಬರುತ್ತದೆ. ನಡುವಿನದು ಎಂಟು ಫೂಟು, ಕೂತುಕೊಳ್ಳುತ್ತದೆ. ದೊಡ್ಡದು ಹತ್ತು ಫೂಟು, ಮನೆಯ ಜೊತೆಗೆ ಅಂಗಳವೂ ಹಿಡಿಯುತ್ತದೆ. ಮೂರನೇ ಇಯತ್ತೆಯ ಹುಡುಗನೂ ನಡುವಿನದನ್ನು ತೋರಿಸುತ್ತಿದ್ದ. ನಾನೂ ಅಲ್ಲಿಗೇ ಬಂದಿದ್ದೆ. ಆದರೆ ನಾಲ್ಕು ಮಂದಿಯನ್ನು ಕೇಳದೆ ಗಾಡಿ ತೆಗೆದುಕೊಳ್ಳುವುದು ನಮ್ಮ ಕಡೆ ಪದ್ಧತಿಯಲ್ಲ. ನಾನು ಕೇಳಿದ್ದು ಒಬ್ಬನನ್ನೇ, ರಬಕವಿಯಲ್ಲಿ ಸೀರೆ ವ್ಯಾಪಾರ ಮಾಡುವ ನನ್ನ ಷಡ್ಡಕ ಶಂಕ್ರಣ್ಣನನ್ನು. ಅವನೊಬ್ಬನೇ ನಾಲ್ಕು ಮಂದಿಗೆ ಸಮ.

“ಅಣ್ಣಾರ, ನಿಮ್ಮ ಡಬ್ಬಿ ವರ್ಷಕ್ಕ ಎಷ್ಟ್ ಸರ್ತಿ ಹೊಂಡತೈತಿ?” ಅಂದ.

“ಎರಡ್ ಸರ್ತಿ ಹೊಂಟೀತು.”

“ಉಳಿದ ದಿನ ಗಾಡಿ ಏನ್ ಮಾಡಬೇಕು? ಸೀರಿ ಗಂಟು ತರಬೇಕು, ಮಗ್ಗದ ಸಾಮಾನು ಹಾಕಬೇಕು, ಯಾರದರೆ ಲಗ್ನ ಬಂತು, ಪಾತ್ರಿ, ಗಾದಿ, ಕಪಾಟು. ನಿಮ್ಮ ನಡುವಿನ ಗಾಡ್ಯಾಗ ಕಪಾಟು ಮಲಗಿಸಿದ್ರ ಗಾದಿ ಎಲ್ಲಿ ಹಾಕ್ತೀರಿ? ಡಬ್ಬಿ ಅಳತಿ ನೋಡಬ್ಯಾಡ್ರಿ ಅಣ್ಣಾರ, ಮಂದಿ ಅಳತಿ ನೋಡ್ರಿ.”

ನನಗೆ ಇದು ನ್ಯಾಯವಾಗಿ ಕಂಡಿತು. ನಮ್ಮಲ್ಲಿ ಗಾಡಿ ಒಂದು ಮನೆಯದಾಗಿ ಉಳಿಯುವುದಿಲ್ಲ, ಬೀಗರು, ನೆಂಟರು, ನೆಂಟರ ನೆಂಟರು ಎಲ್ಲರಿಗೂ ಅದು ಸೇರಿದ್ದು. ಕೊಡುವುದಿಲ್ಲ ಎನ್ನುವ ಗಂಡು ಇನ್ನೂ ಹುಟ್ಟಿಲ್ಲ, ಹುಟ್ಟಿದರೂ ನಾನಂತೂ ಅವನಲ್ಲ. ಹಾಗಾದರೆ ದೊಡ್ಡದೇ ಸರಿ ಎಂದುಕೊಂಡೆ. ಆದರೆ ದೊಡ್ಡದು ನಮ್ಮ ಓಣಿಯಲ್ಲಿ ತಿರುಗುತ್ತದೆಯೇ? ಪ್ರಕರಣ ಮುಂದಕ್ಕೆ ಹೋಯಿತು. ದಸರೆ ಕಳೆದ ಮೇಲೆ ಸಂಕ್ರಮಣದ ತನಕ ಹೊಳೆ ಚೆಂದ, ತುಂಬಿ ತಿಳಿಯಾಗಿ ನಿಂತಿರುತ್ತದೆ. ಆ ಮೊದಲ ವರ್ಷದ ಚಳಿಗಾಲ ಫೈಲಿನೊಳಗೇ ಕಳೆಯಿತು. ಸುನಂದಾ ಜಗಳವಾಡಲಿಲ್ಲ. ದಿನಾ ಸಂಜೆ ಮಡಚು ಮನೆಯ ಮುಚ್ಚಳ ಎತ್ತಿ, ಧೂಳು ಒರೆಸಿ, ನಮ್ಮ ಕಂಪೌಂಡ್ ಗೋಡೆಗೆ ಮುಖ ಮಾಡಿ ಕಿಟಕಿಯ ಬಳಿ ಪುಸ್ತಕ ಹಿಡಿದು ಕೂರುತ್ತಿದ್ದಳು. ಒಂದು ದಿನ ಮಾತ್ರ, “ನೀರು ಕಾಣವಲ್ದು ನೋಡ್ರಿ” ಅಂದಳು. ಜಗಳವಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಎರಡನೆಯ ದಸರೆ ದಾಟಿದ ಮೇಲೆ ನನಗೆ ಹುಮ್ಮಸ್ಸು ಬಂತು. ಒಂದು ಮುಂಜಾನೆ ಟೇಪು ತೆಗೆದುಕೊಂಡು ಓಣಿ ಅಳೆಯಲು ಇಳಿದೆ. ಎದುರಿನವರ ಕಟ್ಟೆಯಿಂದ ನಮ್ಮ ಗೋಡೆಗೆ ಎಷ್ಟು, ತಿರುವಿನಲ್ಲಿ ಎಷ್ಟು ಎಂದು ನೋಡಿ ಫೈಲಿನಲ್ಲಿ ಬರೆದುಕೊಳ್ಳುತ್ತ ಹೋದೆ. ಕೋರ್ಟಿನಲ್ಲಿದ್ದ ಮನುಷ್ಯ ಟೇಪು ಮತ್ತು ಫೈಲು ಹಿಡಿದು ಓಣಿ ಅಳೆದರೆ ನಮ್ಮ ಊರಿನಲ್ಲಿ ಅದಕ್ಕೆ ಒಂದೇ ಅರ್ಥ, ರಸ್ತೆ ಅಗಲ ಮಾಡುತ್ತಾರೆ ಎಂದು. ಮಧ್ಯಾಹ್ನದ ಹೊತ್ತಿಗೆ ಎದುರು ಮನೆಯವರು ಅಜ್ಜನ ಕಾಲದ ಉತಾರ, ಅಂದರೆ ಜಾಗದ ದಾಖಲೆ, ಹಿಡಿದು ಬಂದು, “ನೀವ ಓದಿ ಹೇಳ್ರಿ, ಕಟ್ಟಿ ನಮ್ಮ ಜಾಗಾದಾಗ ಐತೋ ಇಲ್ಲೋ” ಅಂದರು. ನಾನು ಕೇವಲ ಗಾಡಿಗಾಗಿ ಅಳೆದೆ ಎಂದು ಎಷ್ಟು ಹೇಳಿದರೂ, ಸರಕಾರಿ ಗುಟ್ಟು ಬಿಡುವ ಮನುಷ್ಯ ಇವನಲ್ಲ ಎಂಬಂತೆ ತಲೆದೂಗಿದರು. ರೂಢಿ ಬಲು ಕೆಟ್ಟದ್ದು, ಉತಾರ ಕೈಗೆ ಬಂದೊಡನೆ ಓದಿದೆ. ಕಟ್ಟೆ ಒಂದೂವರೆ ಫೂಟು ಹೊರಗಿದೆ ಎಂದು ಬಾಯಿ ಬಿಟ್ಟೂ ಹೇಳಿದೆ. ವಾರದೊಳಗೆ ಅವರು ಕಟ್ಟೆ ಒಡೆದು ಹಿಂದೆ ಸರಿಸಿದರು, ಅವರನ್ನು ನೋಡಿ ತಿರುವಿನ ಮನೆಯವರು ಬಟ್ಟೆ ಒಗೆಯುವ ಕಲ್ಲು ಒಳಗೆಳೆದುಕೊಂಡರು. ಓಣಿ ಅಗಲವಾಯಿತು. ಓಣಿ ಇಕ್ಕಟ್ಟು ಎಂಬ ಕಾರಣಕ್ಕೆ ನಾನು ಅಳೆದ ಬೆಳಿಗ್ಗೆಯೇ ದೊಡ್ಡ ಗಾಡಿ ಬೇಡವೆಂದು ಬರೆದಿಟ್ಟಿದ್ದೆ. ಈಗ ಕಾರಣವೇ ಬಿದ್ದುಹೋಗಿ ಪ್ರಕರಣ ಮರುವಿಚಾರಣೆಗೆ ಬಂತು.

ಹೀಗಿರಲು ಒಂದು ದಿನ ಸುನಂದಾಳ ತಮ್ಮ ಮಲ್ಲಪ್ಪ ಗೋವಿನಜೋಳ ಹಾಕಲು ತುಬಚಿಯಿಂದ ಜಮಖಂಡಿ ಮಾರ್ಕೆಟ್ಟಿಗೆ ಬಂದಿದ್ದ. ಫ್ಯಾಕ್ಟರಿಯಲ್ಲಿ ಅವನ ಕಬ್ಬಿನ ಪಾಳಿ ಇನ್ನೂ ಬಂದಿರಲಿಲ್ಲ, ಟ್ರೇಲರ್ ಖಾಲಿ ಇತ್ತು. ಟ್ರ್ಯಾಕ್ಟರನ್ನು ಸಲೀಸಾಗಿ ನಮ್ಮ ಓಣಿಯೊಳಗೆ ತಂದು ಬಾಗಿಲಿಗೆ ನಿಲ್ಲಿಸಿದ. ಚಹಾ ಕುಡಿದು, ಅಂಗಳದಲ್ಲಿದ್ದ ಪೆಟ್ಟಿಗೆಯನ್ನೊಮ್ಮೆ, ಟ್ರೇಲರನ್ನೊಮ್ಮೆ ನೋಡಿದ. ಅಕ್ಕನೂ ನೋಡಿದಳು. ಸುನಂದಾ ಎದ್ದು ಕಾಲಿನ ಹಿಡಿ ತಿರುವತೊಡಗಿದಳು. ಮನೆ ಮೇಲೇರಿತು, ಟ್ರೇಲರ್ ಹಿಂದೆ ಸರಿದು ಅದರ ಕೆಳಗೆ ನುಗ್ಗಿತು, ಮನೆ ಅದರ ಮೇಲಿಳಿಯಿತು. ರಾಜೇಸಾಬನ ಕೈ ತಿಳಿಯದೆಯೇ ಟ್ರೇಲರಿನ ಎತ್ತರಕ್ಕೆ ಕಾಲು ಮಾಡಿತ್ತು. ಸುತ್ತ ಇನ್ನೂ ಒಂದು ಕುರ್ಚಿ ಹಾಕುವಷ್ಟು ಜಾಗ ಉಳಿಯಿತು. ಎಲ್ಲ ಸೇರಿ ಅರ್ಧ ತಾಸು.

“ಬರ್ತೀರೇನ್ರಿ?” ಎಂದಳು ಸುನಂದಾ. ಒಂದು ಚೀಲ ಹಿಡಿದು ನಿಂತಿದ್ದಳು.

“ಇವತ್ತ ಸಂಜಿಕೆ ಶೋರೂಮಿನವರು ಬರ್ತಾರ. ಇವತ್ತ ಫೈನಲ್ ಮಾಡಿಬಿಡ್ತೇನಿ” ಅಂದೆ.

“ಮಾಡ್ರಿ” ಅಂದಳು. ಟ್ರ್ಯಾಕ್ಟರ್ ಹೊರಟಿತು.

ಖಾಲಿ ಅಂಗಳ ನೋಡಿದ ಮೇಲೆ ನನ್ನಲ್ಲಿ ಏನೋ ಗಟ್ಟಿಯಾಯಿತು. ಶೋರೂಮಿನವನು ಬರುವ ಮೊದಲೇ ತೀರ್ಮಾನಕ್ಕೆ ಬಂದಿದ್ದೆ. ಯಾರನ್ನೂ ಕೇಳದೆ, ಜೀವನದಲ್ಲಿ ಮೊದಲ ಬಾರಿಗೆ. ಅದನ್ನು ಆಕೆಗೆ ಎದುರಿಗೇ ಹೇಳಬೇಕೆಂದು ಮರುದಿನ ಮೊದಲ ಬಸ್ಸಿಗೆ ಫೈಲು ಬಗಲಲ್ಲಿಟ್ಟುಕೊಂಡು ತುಬಚಿಗೆ ಹೋದೆ. ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನನ್ನ ಗುರುತಿನವರು ಯಾರೂ ಇರಲಿಲ್ಲ. “ಹೊಳಿ ದಂಡ್ಯಾಗ ಒಂದು ಡಬ್ಬಿ ಬಂದೈತಲ್ಲ, ಎಲ್ಲಿ ಐತ್ರಿ?” ಎಂದು ಕೇಳಿದೆ. ಕುಳಿತಿದ್ದವರೆಲ್ಲ ಒಮ್ಮೆಗೇ ಎದ್ದು ನಿಂತರು. “ಬರ್ರಿ ಸಾಹೇಬ್ರ, ತೋರಸ್ತೇವಿ” ಅಂದರು. ಊರಿನ ಮರ್ಯಾದೆ ಕಂಡು ನನಗೆ ಹೆಮ್ಮೆಯಾಯಿತು. ನಡೆಯುತ್ತ ಹೋದಂತೆ ಹೊಲಗಳಿಂದ ಇನ್ನಷ್ಟು ಮಂದಿ ಸೇರಿಕೊಂಡರು. ಕೆಲವರು ಮನೆಗೆ ಓಡಿಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತಂದರು.

ದಂಡೆಗೆ ಬಂದಾಗ ಮಲ್ಲಪ್ಪ ತನ್ನ ಹೊಲದ ಬದುವಿನ ಮೇಲೆ ನಿಂತಿದ್ದ. ನನ್ನ ಹಿಂದಿನ ಮೆರವಣಿಗೆ ನೋಡಿ ಹಣೆಗೆ ಕೈ ಹಚ್ಚಿದ. ಹತ್ತಿರ ಬಂದು ಕಿವಿಯಲ್ಲಿ ಹೇಳಿದ: “ಮಾಮಾರ, ಅಕ್ಕನ ಹಂತ್ಯಾಕ ಯಾರೂ ಬರಬಾರದಂತ ನಾ ಊರಾಗ ಒಂದ್ ಸುಳ್ಳು ಹೇಳೇನಿ. ನೀರಾವರಿ ಸರ್ವೇದ ಡಬ್ಬಿ ಐತಿ, ಒಳಗ ಮಷಿನ್ ಅದಾವ, ಸಾಹೇಬ್ರು ಬರೂತನಕ ಯಾರೂ ಹೋಗಬ್ಯಾಡ್ರಿ ಅಂದೇನಿ. ನೀವು ಫೈಲ್ ಹಿಡ್ಕೊಂಡ ಬಂದ್ರಲ್ಲ.”

ಟ್ರೇಲರಿನ ಮೇಲೆ ಮಡಚು ಮನೆ ಹೊಳೆಗೆ ಮುಖ ಮಾಡಿ ತೆರೆದು ನಿಂತಿತ್ತು. ನಮ್ಮ ಕಡೆಗಿನ ಕಿಟಕಿಯ ಪರದೆ ಒಂದು ಬೆರಳಷ್ಟು ಸರಿಯಿತು. ಒಳಗಿನಿಂದ ಸುನಂದಾಳ ಒಂದು ಕಣ್ಣು ನನ್ನನ್ನೂ ನನ್ನ ಹಿಂದಿನ ಇಪ್ಪತ್ತು ಮಂದಿಯನ್ನೂ ನೋಡಿತು. ಆ ಕಣ್ಣಿನಲ್ಲಿದ್ದದ್ದು ಸಿಟ್ಟಲ್ಲ, ಗಾಬರಿ. ಎರಡು ವರ್ಷ ಕಾದು ಪಡೆದ ಮುಂಜಾನೆ ನನ್ನ ಬೆನ್ನ ಹಿಂದೆ ಬರುತ್ತಿದ್ದವರ ಪಾಲಾಗುವುದರಲ್ಲಿತ್ತು. ಅಲ್ಲೇ ದೂರದಲ್ಲಿ ಒಂದು ಬೇವಿನ ಮರ ಕಾಣಿಸಿತು. ಯಾರನ್ನೂ ಕೇಳಲಿಲ್ಲ, ಏನನ್ನೂ ಅಳೆಯಲಿಲ್ಲ. “ನಾ ಸರ್ವೇದವ ಅಲ್ರಿ, ಕೋರ್ಟಿನ್ಯಾಗ ಇದ್ದಾವ, ಈಗ ರಿಟೈರ್ ಆಗೇನಿ. ಆದ್ರ ಕಾಗದ ಓದಿ ಹೇಳ್ತೇನಿ. ಎಲ್ಲಾರೂ ಆ ಗಿಡದ ಕೆಳಗ ಬರ್ರಿ” ಎಂದು ಅವರನ್ನು ಅತ್ತ ತಿರುಗಿಸಿಕೊಂಡು ನಡೆದೆ.

ಇಪ್ಪತ್ತು ಮಂದಿಯ ಉತಾರ, ನಕಾಶೆ, ಅಣ್ಣತಮ್ಮಂದಿರು ಪಾಲು ಹಂಚಿಕೊಂಡ ವಾಟ್ನಿಪತ್ರ ಓದಿದೆ. ಮೂವರ ಬದುವಿನ ಜಗಳ ಕೇಳಿದೆ. ಹೊಳೆ ನನ್ನ ಬೆನ್ನಿಗಿತ್ತು, ಒಮ್ಮೆಯೂ ನೋಡಲಾಗಲಿಲ್ಲ. ಕೊನೆಯವನು ಎದ್ದು ಹೋದಾಗ ಹೊತ್ತು ನೆತ್ತಿಗೆ ಬಂದಿತ್ತು.

ಸುನಂದಾ ಟ್ರೇಲರಿನ ಅಂಚಿನಲ್ಲಿ, ಮನೆಯ ನೆರಳಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಕೂದಲು ಬಿಚ್ಚಿತ್ತು. ಪುಸ್ತಕ ಮಗುಚಿ ಪಕ್ಕದಲ್ಲಿಟ್ಟಿದ್ದಳು, ಓದಿದಂತೆ ಕಾಣಲಿಲ್ಲ. ಮುಖ ಎಷ್ಟು ತಿಳಿಯಾಗಿತ್ತೆಂದರೆ, ಇದನ್ನು ಇಷ್ಟು ದಿನ ತಡ ಮಾಡಿದವನು ನಾನೇ ಎಂದು ನೆನೆದು ಸಂಕಟವಾಯಿತು, ಕೊನೆಗೂ ಆಯಿತಲ್ಲ ಎಂದು ಖುಷಿಯೂ ಆಯಿತು. ಹತ್ತಿರ ಹೋಗಿ ಫೈಲಿನ ದಾರ ಬಿಚ್ಚಿ, ಗಂಟಲು ಸರಿಮಾಡಿಕೊಂಡು ಹೇಳಿದೆ.

“ಸುನಂದಾ, ತೀರ್ಮಾನ ಮಾಡೇನಿ. ನಡುವಿಂದ ಛಲೋ.”

ಆಕೆ ನೀರಿನಿಂದ ನಿಧಾನಕ್ಕೆ ಕಣ್ಣು ಕಿತ್ತು ನನ್ನ ಕಡೆ ತಿರುಗಿ ಕೇಳಿದಳು.

“ನಡುವಿಂದು ಏನ್ರಿ?”

ನಾನು ಮೇಲೆ ಹತ್ತಿದೆ. ನೆರಳಿದ್ದ ಜಾಗದಲ್ಲಿ ಆಕೆ ಕೂತಿದ್ದಳು. ನನ್ನ ಪಾಲಿಗೆ ಉಳಿದ ಕಬ್ಬಿಣದ ತಗಡು ಬಿಸಿಲಿಗೆ ಹಂಚಿನಂತೆ ಕಾದಿತ್ತು. ಫೈಲನ್ನು ಅದರ ಮೇಲೆ ಹಾಸಿ ಕುಳಿತೆ. ಅಳತೆ ಸರಿಯಾಗಿತ್ತು.